ಕುರ್ಡಿಯ ಅರಿಷಿಣ, ರಾಯಚೂರಿನ ಪರದೆ

ಪೋತ್ನಾಳದ ಕಡೆಯಿಂದ ತುಂಬಿಕೊಂಡೇ ಬಂದ ಬಸ್ಸನ್ನು ಮಾನ್ವಿಯಲ್ಲಿ ಹತ್ತುವಾಗ ಮೌನೇಶ್ವರಿಯ ಕಂಕುಳಲ್ಲಿ ಕೂಸಿತ್ತು, ಹೆಗಲಿಗೆ ಚೀಲವಿತ್ತು, ಚೀಲದೊಳಗೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಮದುವೆ ಆಲ್ಬಮ್ ಇತ್ತು. ಹಲಗೆಯಂಥ ಪುಟಗಳು, ಹಾಸುಗಲ್ಲಿನಂಥ ಭಾರ. ಲ್ಯಾಪ್‌ಟಾಪ್ ತರಲು ರಾಯಚೂರಿಗೆ ಹೋಗುವವರು ಯಾರಾದರೂ ಕಂಡವರ ಮದುವೆ ಆಲ್ಬಮ್ ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಜೊತೆಗೆ ಹೊರಟಿದ್ದ ಮೈದುನ ಕಿರಣಕುಮಾರ ಬಸ್‌ಸ್ಟ್ಯಾಂಡಿನಲ್ಲೇ ಕೇಳಿದ್ದ. ನಿಜ ಹೇಳಬೇಕೆಂದರೆ, ಮನೆಯಲ್ಲಿ ಬಿಟ್ಟರೆ ಬಂದುಹೋಗುವವರು ಯಾರಾದರೂ ಬಿಚ್ಚಿ ನೋಡಿಯಾರು ಎಂಬ ಅಂಜಿಕೆ ಅವಳಿಗೆ. ಆ ಆಲ್ಬಮಿನಲ್ಲಿ ಅವಳ ಮಾನ ಹೋಗಿತ್ತು.

ಹಾಗಿದ್ದರೂ ಅವತ್ತು ಮೌನೇಶ್ವರಿಯ ಮುಖದಲ್ಲಿ ಹಬ್ಬದ ಕಳೆ. ಸೀಟು ಸಿಕ್ಕಿದ ಕೂಡಲೇ ಕೂಸಿನ ಟೊಪ್ಪಿಗೆ ಸರಿಪಡಿಸಿದಳು, ನೀರಿನ ಬಾಟಲಿ ಮುಟ್ಟಿ ನೋಡಿದಳು, ಪರ್ಸಿನೊಳಗಿನ ಪೆನ್‌ಡ್ರೈವ್ ಮುಟ್ಟಿ ನೋಡಿದಳು, ಮತ್ತೆ ಕೂಸಿನ ಹಣೆ ಮುಟ್ಟಿ ನೋಡಿದಳು. ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಇಷ್ಟು ದಿನ ಆಲ್ಬಮ್ ಮಾಡಿ ಕೂಡಿಸಿದ್ದರಲ್ಲಿ ಒಂದು ಸಾದಾ ಲ್ಯಾಪ್‌ಟಾಪ್ ಬರುತ್ತಿತ್ತು, ಅದರ ಮೇಲೆ ಯಾವುದಾದರೂ ಒಂದು ಭಾಗ ಮೇಲ್ದರ್ಜೆಯದ್ದು ಕೊಳ್ಳಲು, ಒಂದೇ ಒಂದು ಹೆಚ್ಚುಗಾರಿಕೆಗೆ, ಆಗುವಷ್ಟು ಉಳಿಯುತ್ತಿತ್ತು. ಒಂದೇ. ಆ ಒಂದು ಯಾವುದು ಎಂಬುದೇ ಈಗ ಅವಳ ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು.

ಮೌನೇಶ್ವರಿ ರಾಯಚೂರಿನ ಹುಡುಗಿ. ಅವ್ವ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದು, ಸೆರಗಿಗೆ ಅಂಟಿದ ಅರಳೆಯನ್ನು ಬಾಗಿಲ ಹೊರಗೇ ಕೊಡವಿ ಒಳಗೆ ಬಂದು, ಮಗಳ ಓದು ಕೇಳುತ್ತಿದ್ದಳು. ಮಗಳು ಬಿ.ಕಾಂ. ಮಾಡಿದಳು. ರಜೆಯಲ್ಲಿ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕುಳಿತು ಡಿಟಿಪಿ ಕಲಿತಳು. ಫೋಟೋದಿಂದ ತಲೆಗೂದಲನ್ನು ಒಂದೊಂದಾಗಿ ಕತ್ತರಿಸಿ ತೆಗೆದು ಗುಲಾಬಿ ತೋಟದ ಮುಂದೆ ನಿಲ್ಲಿಸುವ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಮದುವೆಯಾಗಿ ಮಾನ್ವಿಗೆ ಬಂದಳು. ಗಂಡ ಅಮರೇಶ ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಾರವೆಲ್ಲ ಅಲ್ಲೇ ರೂಮು, ಶನಿವಾರ ಮಧ್ಯಾಹ್ನಕ್ಕೆ ಮನೆ. ಹೀಗಾಗಿ ಮನೆಯಲ್ಲಿ ಅತ್ತೆ ಗೋಪಮ್ಮ, ಪುರಸಭೆಯಿಂದ ನಿವೃತ್ತನಾದ ಮಾವ ವೆಂಕೋಬ, ಕಾಲೇಜು ಓದುವ ಕಿರಣ, ಇವಳು ಮತ್ತು ಕೂಸು.

ಮೊದಲೇ ಅವಳು ಅಂಜುಬುರುಕಿ. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಓಣಿಯ ತಿರುವಿನಿಂದ ವಾಪಸು ಬರುವವಳು. ಕೂಸು ಹುಟ್ಟಿದ ಮೇಲಂತೂ ಲೋಕದಲ್ಲಿ ಇರುವುದೆಲ್ಲ ಚೂಪು, ಬಿಸಿ ಅಥವಾ ನುಂಗುವಷ್ಟು ಚಿಕ್ಕದು ಎಂದು ಅವಳಿಗೆ ಕಾಣತೊಡಗಿತು. ಆದರೆ ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಆ ಅಂಜಿಕೆಯೆಲ್ಲ ಬೆರಳ ತುದಿಗೆ ಇಳಿದು ನಾಜೂಕುತನವಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿರುವ ಸತ್ತಾರ್ ಸಾಬ್ ಅದನ್ನು ಗುರುತಿಸಿದರು. ಅವರ ಹುಡುಗರು ಮದುವೆಗಳಲ್ಲಿ ತೆಗೆದ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುತ್ತಿದ್ದರು. ಕೂಸು ಮಲಗಿದ ಹೊತ್ತಿನಲ್ಲಿ ಇವಳು ಅವನ್ನು ಅಗಲ ಪುಟಗಳಲ್ಲಿ ಜೋಡಿಸಿ, ಬಣ್ಣ ತಿದ್ದಿ ಕಳಿಸುತ್ತಿದ್ದಳು. ರಾಯಚೂರಿನ ಲ್ಯಾಬಿನವರು ಬಂದದ್ದನ್ನು ಬಂದ ಹಾಗೆಯೇ ಮುದ್ರಿಸಿ, ಗಟ್ಟಿ ರಟ್ಟು ಕಟ್ಟಿ ಆಲ್ಬಮ್ ಮಾಡುತ್ತಿದ್ದರು. ಮಾನ್ವಿ ಸುತ್ತಿನ ಎಷ್ಟೋ ಮನೆಗಳ ಟಿ.ವಿ. ಕೆಳಗಿನ ಕಪಾಟುಗಳಲ್ಲಿ ಮೌನೇಶ್ವರಿಯ ಕೈಕೆಲಸ ಕುಳಿತಿತ್ತು. ಹೆಸರು ಮಾತ್ರ ಎಲ್ಲೂ ಇರಲಿಲ್ಲ, ಅದು ಅವಳಿಗೆ ಬೇಕೂ ಇರಲಿಲ್ಲ.

ಮಾನ್ವಿ ಹತ್ತಿರದ ಕುರ್ಡಿ ಎಂಬ ಊರಿನ ಮದುವೆಯಲ್ಲಿ ಎಡವಟ್ಟಾಯಿತು.

ಕುರ್ಡಿಯ ಮಹಾಂತಮ್ಮನವರ ಮಗಳು ಅನುರಾಧಾಳ ಮದುವೆ. ಮನೆತುಂಬ ಜನ, ಚಪ್ಪರದ ತುಂಬ ಬೆಳಕು, ಫೋಟೋಗಳು ಒಂದಕ್ಕಿಂತ ಒಂದು ಚೆಂದ. ಅದರಲ್ಲೂ ಅರಿಷಿಣ ಹಚ್ಚುವ ಕಾರ್ಯದ ಪುಟವನ್ನು ಮೌನೇಶ್ವರಿ ತನ್ನ ಸ್ವಂತ ತಂಗಿಯ ಮದುವೆಯೆಂಬಂತೆ ಕೂತು ಮಾಡಿದ್ದಳು. ಅವಳ ಲ್ಯಾಪ್‌ಟಾಪ್ ಮಾತ್ರ ಸೋದರಮಾವ ಬಳಸಿ ಬಿಟ್ಟದ್ದು. ಪರದೆ ಮಾಸಿತ್ತು, ಎಲ್ಲವನ್ನೂ ನೀಲಿ ಹಾಕಿ ಒಗೆದ ಬಟ್ಟೆಯ ಹಾಗೆ ತೋರಿಸುತ್ತಿತ್ತು. ಮದುಮಗಳ ಕೆನ್ನೆಯ ಅರಿಷಿಣ ಅದರಲ್ಲಿ ಬಿಳಿಚಿಕೊಂಡು ಕಂಡಿತು. ಇವಳು ಒಂದಿಷ್ಟು ಹಳದಿ ಏರಿಸಿದಳು. ಇನ್ನೂ ಸಾಲದು ಅನ್ನಿಸಿತು, ಇನ್ನಿಷ್ಟು ಏರಿಸಿದಳು. ಈಗ ಸರಿಯಾಯಿತು ಎಂದು ಕಳಿಸಿದಳು.

ಲ್ಯಾಬಿನಿಂದ ಬಂದ ಆಲ್ಬಮನ್ನು ಸತ್ತಾರ್ ಸಾಬರು ಒಯ್ದು ಕೊಟ್ಟು ಬಂದದ್ದಷ್ಟೇ. ಮರುದಿನವೇ ಅದು ವಾಪಸು ಬಂತು. ಪುಟ ತೆರೆದ ಮಹಾಂತಮ್ಮ ಏನೆಂದರೆಂದು ಸತ್ತಾರ್ ಸಾಬರು ಹೇಳಲಾರದೆ ಹೇಳಿದ್ದರು. "ನಾವು ಮಗಳಿಗಿ ಅರಿಷಿಣ ಹಚ್ಚೀವೋ, ಆಕಿಗಿ ಕಾಮಾಲಿ ಬಂದದೋ?" ಮದುಮಗಳೊಬ್ಬಳೇ ಅಲ್ಲ, ಅರಿಷಿಣ ಹಚ್ಚುತ್ತಿದ್ದ ಮುತ್ತೈದೆಯರ ಕಣ್ಣುಗುಡ್ಡೆಗಳೂ ಹಳದಿಯಾಗಿದ್ದವು. ಇಡೀ ಬಳಗವೇ ಆಸ್ಪತ್ರೆಯಿಂದ ಬಂದು ಸಾಲಾಗಿ ನಿಂತಂತೆ.

ಸತ್ತಾರ್ ಸಾಬರು ಬೈಯುವ ಮನುಷ್ಯರಲ್ಲ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, "ಬೇಟಿ, ಇನ್ನೊಮ್ಮಿ ಪ್ರಿಂಟ್ ಹಾಕಸ್ತೀನಿ. ಈ ಸಲಾನೂ ಹಿಂಗ ಬಂತಂದ್ರ ನನ್ನ ಕೈಲಿ ಏನೂ ಇಲ್ಲವ್ವಾ. ಮುಂದಿನ ಲಗ್ನಗಳ ಕೆಲಸ ಹೈದರಾಬಾದಿನವರಿಗಿ ಕೊಡಬೇಕಾಗ್ತದ" ಅಂದರು. ಅವರು ಮೆಲ್ಲಗೆ ಹೇಳಿದ್ದಕ್ಕೇ ಅವಳಿಗೆ ಹೆಚ್ಚು ತಾಗಿತು. ಕೂಸಿನ ಬಟ್ಟೆ ಒಗೆಯುವಾಗ, ಸಾರು ಕುದಿಯುವಾಗ ಅದೇ ಮಾತು. ಕೆಲಸ ಹೋದರೆ ಹೋದೀತು, ರೊಟ್ಟಿಗೇನೂ ತೊಂದರೆಯಿಲ್ಲ, ಅಮರೇಶನ ಪಗಾರ ಇದೆ. ಆದರೆ ಮಧ್ಯಾಹ್ನ ಕೂಸು ಮಲಗಿದ ಮೇಲೆ ಸಿಗುವ ಆ ಹೊತ್ತು, ಅವಳು ಯಾರ ಸೊಸೆಯೂ ಯಾರ ಅವ್ವನೂ ಅಲ್ಲದೆ ಬರೀ ಮೌನೇಶ್ವರಿಯಾಗಿರುವ ಹೊತ್ತು, ಅದೂ ಹೋಗುತ್ತಿತ್ತು.

ಹೊಸ ಲ್ಯಾಪ್‌ಟಾಪ್ ಎಂಬ ಮಾತು ಹೊರಬಿದ್ದದ್ದೇ ತಡ, ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿತು. ಅಮರೇಶ ದೇವದುರ್ಗದಿಂದ ಫೋನು ಮಾಡಿ, ಪ್ರೊಸೆಸರ್ ದೊಡ್ಡದಿರಬೇಕು, ಅದು ಮಷೀನಿನ ಮಿದುಳು, ಕಡಿಮೆ ಮಿದುಳಿನದ್ದು ತಂದರೆ ಜೀವನಪೂರ್ತಿ ಗೋಳು ಎಂದು ಸ್ಟಾಫ್‌ರೂಮಿನಲ್ಲಿ ಕೇಳಿದ್ದನ್ನು ಹೇಳಿದ. ಕಿರಣನದ್ದು ಗ್ರಾಫಿಕ್ಸ್ ಕಾರ್ಡಿನ ಹಟ. ಫೋಟೋ ಅಂದರೆ ಗ್ರಾಫಿಕ್ಸು, ಗ್ರಾಫಿಕ್ಸ್ ಅಂದರೆ ಕಾರ್ಡು. ವೈನಿ, ಅಂದರೆ ಅತ್ತಿಗೆ, ಕೆಲಸ ಮುಗಿಸಿ ಮಲಗಿದ ಮೇಲೆ ತಾನು ಅದರಲ್ಲಿ ಯಾವ ಆಟ ಆಡಬಹುದೆಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಗೋಪಮ್ಮನಿಗೆ ಬೇಕಾಗಿದ್ದು ಚಾರ್ಜು ಬಹಳ ಹೊತ್ತು ನಿಲ್ಲುವಂಥದ್ದು. ಮಧ್ಯಾಹ್ನ ಕರೆಂಟು ಹೋಗುತ್ತದೆ, ಮೇಲಾಗಿ ನೆಲದಲ್ಲಿ ವೈರು ಹರಿದಾಡಿದರೆ ಕೂಸು ಬಾಯಿಗೆ ಹಾಕುತ್ತದೆ. ಮೌನೇಶ್ವರಿಗೆ ಅತ್ತೆಯ ಮಾತೇ ಹೆಚ್ಚು ಸರಿ ಅನ್ನಿಸಿತ್ತು. ಆದರೂ ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲೆಲ್ಲ ರ್‍ಯಾಮ್ ರ್‍ಯಾಮ್ ಎಂದೇ ಜಪ. ಆದ್ದರಿಂದ ರ್‍ಯಾಮಿಗೇ ಹೆಚ್ಚು ಕೊಡುವುದೆಂದು ಬಸ್ ಹತ್ತುವಾಗ ತೀರ್ಮಾನಿಸಿದ್ದಳು. ಬಸ್ಸು ಭತ್ತದ ಗದ್ದೆಗಳ ನಡುವೆ ಓಡಿದಂತೆ ಆ ತೀರ್ಮಾನ ಒಂದೊಂದು ಹಳ್ಳಿಗೂ ಒಂದಿಷ್ಟು ಸಡಿಲಾಗುತ್ತ ಬಂತು.

ಅಂಗಡಿ ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಓಣಿಯಲ್ಲಿತ್ತು. ಹೊರಗೆ ಬಿಸಿಲು ಕೆಂಡ ಕಾರುತ್ತಿತ್ತು. ಗಾಜಿನ ಬಾಗಿಲು ದೂಡಿದರೆ ಒಳಗೆ ತಣ್ಣನೆಯ ಗಾಳಿ. ಮೌನೇಶ್ವರಿ ಮೊದಲು ಕೂಸಿಗೆ ಶೀತವಾದೀತೆಂದು ಸೆರಗು ಹೊದಿಸಿದಳು, ಆಮೇಲೆ ತಲೆಯೆತ್ತಿ ನೋಡಿದಳು. ಸಾಲಾಗಿ ಬಾಯಿ ತೆರೆದು ಕುಳಿತ ಲ್ಯಾಪ್‌ಟಾಪುಗಳು. ಒಂದೊಂದರ ಪರದೆಯ ಮೇಲೂ ನೀಲಿ ಸಮುದ್ರ, ಕೆಂಪು ಹೂವು, ಹಿಮದ ಬೆಟ್ಟ. ಮಿಠಾಯಿ ಅಂಗಡಿಗೆ ಬಂದ ಹುಡುಗಿಯ ಹಾಗೆ ಯಾವುದರ ಮುಂದೆ ನಿಲ್ಲಬೇಕೆಂದು ತಿಳಿಯಲಿಲ್ಲ.

ಮಾಲೀಕ ಹನುಮಂತ್ರಾಯ ಹಣೆಗೆ ನಾಮವಿಟ್ಟ, ಮಾತಿನ ಮನುಷ್ಯ. ಕಿರಣನನ್ನು ನೋಡಿದವನೇ ಇವನೇ ಗಿರಾಕಿ ಅಂದುಕೊಂಡು, ಕೀಲಿಗಳಲ್ಲಿ ಬಣ್ಣಬಣ್ಣದ ದೀಪ ಹೊತ್ತುವ ದಪ್ಪನೆಯ ಲ್ಯಾಪ್‌ಟಾಪಿನ ಹತ್ತಿರ ಕರೆದೊಯ್ದ. ಕಿರಣ ಅಲ್ಲೇ ಸೋತ. ಕೂಸೂ ಸೋತಿತು, ಕಂಕುಳಿಂದ ಬಾಗಿ ಎರಡೂ ಕೈ ಚಾಚಿತು. ಲ್ಯಾಪ್‌ಟಾಪ್ ಬೇಕಾಗಿರುವುದು ತನಗೆ, ಮದುವೆ ಆಲ್ಬಮಿನ ಕೆಲಸಕ್ಕೆ ಎಂದು ಮೌನೇಶ್ವರಿ ತಿಳಿಸಿದ ಮೇಲೆ ಹನುಮಂತ್ರಾಯ ಕುರ್ಚಿ ಎಳೆದು ಕೂಡಿಸಿದ, ಕೂಸಿಗೆ ಒಂದು ಖಾಲಿ ಮೌಸ್ ಡಬ್ಬಿ ಕೊಟ್ಟ. ಅದರ ಮೂಲೆ ಚೂಪಿದೆಯೇ ಎಂದು ಅವಳು ಮುಟ್ಟಿ ನೋಡಿ ಆಮೇಲೆ ಕೂಸಿನ ಕೈಗೆ ಬಿಟ್ಟಳು.

ಕೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಕೇಳಿದಳು. ಹನುಮಂತ್ರಾಯನೂ ಬಿಡಿಸಿ ಹೇಳಿದ. ಒಮ್ಮೆಗೇ ಎಷ್ಟು ಫೋಟೋ ತೆರೆದಿಡಬಹುದು ಎಂಬುದು ರ್‍ಯಾಮಿನ ಮೇಲೆ ನಿಂತಿರುತ್ತದೆ ಅಂದ. ಅವನು ರ್‍ಯಾಮಿನ ಬಗ್ಗೆ ಹೇಳಿದ ಒಂದು ಮಾತಿಗೆ ಅವಳು ಕುರ್ಚಿಯ ತುದಿಗೆ ಬಂದಳು. ತೀರ ತೆಳ್ಳಗಿನವುಗಳಲ್ಲಿ ರ್‍ಯಾಮನ್ನು ಕಂಪನಿಯವರೇ ಬೆಸುಗೆ ಹಾಕಿಬಿಟ್ಟಿರುತ್ತಾರೆ, ಇದ್ದಷ್ಟರಲ್ಲೇ ಬಾಳಬೇಕು. ಕೊಂಚ ದಪ್ಪ ಇರುವವುಗಳಲ್ಲಿ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ, ಬೇಕಾದಾಗ ಬಂದು ಹಾಕಿಸಿಕೊಂಡು ಹೋಗಬಹುದು. ಫೋಟೋ ಇಡುವ ಜಾಗವೂ ಅಷ್ಟೇ, ಸಾಲದಿದ್ದರೆ ಆಮೇಲೆ ದೊಡ್ಡದು ಹಾಕಿಸಿದರಾಯಿತು.

ಅಂದರೆ ಆಮೇಲೆ ಹಾಕಿಸಬಹುದಾದದ್ದಕ್ಕೆ ಇವತ್ತು ಹೆಚ್ಚು ಕೊಡುವ ಗರಜೇ ಇಲ್ಲ. ಮೌನೇಶ್ವರಿಯ ತಲೆಯ ಮೇಲಿದ್ದ ಹೊರೆಯಿಂದ ಯಾರೋ ಎರಡು ಮೂಟೆ ಇಳಿಸಿದ ಹಾಗಾಯಿತು. ಹಾಗಾದರೆ ಆಮೇಲೆ ಬದಲಿಸಲು ಬಾರದ್ದು ಯಾವುದು ಎಂದು ಕೇಳಿದಳು. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಪರದೆ, ಅಂದ ಹನುಮಂತ್ರಾಯ. ಪರದೆ ಒಡೆದರೆ ಅಂಥದ್ದೇ ಕೂಡಿಸಬಹುದು, ಮೇಲ್ದರ್ಜೆಯದ್ದು ಕೂಡಿಸುವುದು ಆಗಹೋಗದ ಮಾತು.

ಅವಳು ಪರ್ಸಿನಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ಕುರ್ಡಿಯ ಪುಟಗಳಿದ್ದವು. ಮನೆಯ ಲ್ಯಾಪ್‌ಟಾಪಿನಲ್ಲಿ ಅಂಥ ಒಂದು ಪುಟ ತೆರೆಯಲು ಹಚ್ಚಿ ಅವಳು ಹಾಲು ಕಾಯಿಸಿಕೊಂಡು ಬರುತ್ತಿದ್ದಳು. ಇಲ್ಲಿ ಎಲ್ಲಕ್ಕಿಂತ ಸಣ್ಣ ಪ್ರೊಸೆಸರಿನದ್ದರಲ್ಲಿ ಹಾಕಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪುಟ ತೆರೆದುಕೊಂಡಿತು. ಅವಳು ಮುಚ್ಚಿ ಮತ್ತೆ ತೆರೆದಳು, ಅದೇ ಖುಷಿಗೆ. ದೊಡ್ಡದರಲ್ಲೂ ನೋಡಿದಳು. ಇನ್ನೂ ಬೇಗ ತೆರೆಯಿತಂತೆ, ಆದರೆ ಆ ಬೇಗ ಅವಳ ಕಣ್ಣಿಗೆ ಸಿಗಲಿಲ್ಲ. ಗ್ರಾಫಿಕ್ಸ್ ಕಾರ್ಡಿನ ದೀಪದ ಮಷೀನಿನಲ್ಲಿ ನೋಡುವಾಗ ಅದರ ಫ್ಯಾನು ರೈಸ್ ಮಿಲ್ಲಿನ ಹಾಗೆ ಗುರ್ರೆಂದಿತು. ಕೂಸು ಡಬ್ಬಿ ಕೈಬಿಟ್ಟು ತುಟಿ ಹೊರಳಿಸಿತು. ಜೋಡಿಸುವ, ತಿದ್ದುವ ಕೆಲಸಕ್ಕೆ ಇಷ್ಟು ದೊಡ್ಡ ಕಾರ್ಡು ಬೇಕೇ ಎಂದು ಕೇಳಿದ್ದಕ್ಕೆ, ವಿಡಿಯೋ ಮಾಡುವುದಾದರೆ ಬೇಕು, ಫೋಟೋಕ್ಕೆ ಅಷ್ಟೇನಿಲ್ಲ ಎಂದು ಹನುಮಂತ್ರಾಯ ಒಪ್ಪಿಕೊಂಡ. ಕಿರಣ ಅವನನ್ನು ಶತ್ರುವಿನ ಹಾಗೆ ನೋಡಿದ.

ಉಳಿದದ್ದು ಪರದೆ. ಪುಟ ಎಲ್ಲ ಪರದೆಗಳಲ್ಲೂ ಚೆನ್ನಾಗಿಯೇ ಕಾಣುತ್ತಿತ್ತು. ಒಂದರಲ್ಲಂತೂ ಅನುರಾಧಾಳ ಕೆನ್ನೆಗೆ ಬಂಗಾರದ ನೀರು ಬಳಿದಂತಿತ್ತು.

"ಇದಾ ತಗೊಳ್ರಿ ವೈನಿ, ಎಷ್ಟು ಛಂದ ಕಾಣಾಕತ್ತದ ನೋಡ್ರಿ," ಅಂದ ಕಿರಣ. ಮುಂದಿನ ಅಂಗಡಿಯಲ್ಲಿ ಐಸ್‌ಕ್ರೀಮ್ ಇರುವುದನ್ನು ಅವನು ಬರುವಾಗಲೇ ಕಂಡಿದ್ದ.

ತಗೊಳ್ಳೋಣವೆಂದೇ ಅವಳೂ ಬಾಯಿ ತೆರೆದಳು. ಆಗ ಹೆಗಲ ಚೀಲದ ಭಾರ ಜಗ್ಗಿತು. ಇಷ್ಟು ಚಂದ ಕಾಣುವ ಈ ಪುಟವೇ ಅಲ್ಲವೇ ಕಾಮಾಲೆಯಾಗಿ ವಾಪಸು ಬಂದದ್ದು? ಹಾಗಾದರೆ ಇಲ್ಲಿ ಹೀಗೇಕೆ ಕಾಣುತ್ತಿದೆ? ಅವಳು ಕೂಸನ್ನು ಕಿರಣನ ಕೈಗೆ ಕೊಟ್ಟು, ಹಿಂದೆ ಮುಂದೆ ನೋಡಿ, ಸೀರೆಯ ತುಂಡು ಬಿಚ್ಚಿದಳು. ಆಲ್ಬಮಿನ ಅರಿಷಿಣದ ಪುಟ ತೆರೆದು ಪರದೆಯ ಪಕ್ಕ ಎತ್ತಿ ಹಿಡಿದಳು.

ಪರದೆಯಲ್ಲಿ ಬಂಗಾರದ ಮದುಮಗಳು. ಪಕ್ಕದಲ್ಲಿ, ಕಾಗದದ ಮೇಲೆ, ರೋಗಿ.

"ಇದು ಸುಳ್ಳು ಹೇಳಾಕತ್ತದ್ರಿ," ಅಂದಳು ಮೌನೇಶ್ವರಿ.

ಹನುಮಂತ್ರಾಯನಿಗೆ ಅರ್ಥವಾಗಲಿಲ್ಲ. ಬೆಳಕು ಹೆಚ್ಚಾಗಿರಬೇಕೆಂದು ಇಳಿಸಿ ತೋರಿಸಿದ. ಬಂಗಾರ ಹೋಗಿ ಹಿತ್ತಾಳೆಯಾಯಿತು, ಆದರೆ ಕಾಮಾಲೆಯಾಗಲಿಲ್ಲ. ಅವಳು ಪಕ್ಕದ ಲ್ಯಾಪ್‌ಟಾಪಿಗೆ ಹೋದಳು, ಅಲ್ಲಿ ಪುಟ ತೆರೆದು ಆಲ್ಬಮ್ ಹಿಡಿದಳು. ಅದು ಮನೆಯ ಪರದೆಯ ತಂಗಿ, ಹಳದಿಯನ್ನು ಕುಡಿದುಬಿಡುತ್ತಿತ್ತು. ಅದರ ಮುಂದಿನದಕ್ಕೆ ಹೋದಳು. ಅದು ಹಳದಿಗೆ ತಾನೇ ಕೆಂಪು ಬೆರೆಸುತ್ತಿತ್ತು. ಈಗ ಅವಳಿಗೆ ಅಂಗಡಿಯ ಪರಿವೆಯಿಲ್ಲ. ಭಾರದ ಆಲ್ಬಮನ್ನು ಎದೆಗವಚಿಕೊಂಡು ಒಂದರಿಂದ ಒಂದಕ್ಕೆ ಸರಿಯುತ್ತಿದ್ದಳು. ಕೀಲಿಮಣೆ ಕೊಳ್ಳಲು ಬಂದ ಇಬ್ಬರು ಹುಡುಗಿಯರು ತಮ್ಮ ವ್ಯಾಪಾರ ಮರೆತು ಅವಳ ಹಿಂದೆ ಬಂದರು. ಮದುಮಗಳು ಯಾರು, ಯಾವೂರು ಎಂದು ಒಬ್ಬಳು ಕೇಳಿದಳು. ಮಹಾಂತಮ್ಮನವರ ಮಾನ ಕಾಯಲು ಮೌನೇಶ್ವರಿ ದೂರದವರು ಅಂದಳು.

ಹನುಮಂತ್ರಾಯನ ತಾಳ್ಮೆ ಮುಗಿಯುತ್ತ ಬಂದಿತ್ತು. "ಅಲ್ರೀ ಮೇಡಮ್, ಫೋಟೋ ಛಲೋ ಕಾಣಬೇಕಂತ ಮಂದಿ ಬರ್ತಾರ. ನೀವು ಏನ ಹುಡುಕಾಕತ್ತೀರಿ ಅದರ ಹೇಳ್ರಿ."

"ಈ ಪುಟ ಎಷ್ಟು ಕೆಟ್ಟ ಅದ, ಅಷ್ಟಾ ಕೆಟ್ಟ ಕಾಣೋದು ಬೇಕ್ರಿ," ಅಂದಳು ಅವಳು.

ಹನುಮಂತ್ರಾಯ ಅವಳ ಮುಖ ನೋಡಿದ, ಆಲ್ಬಮ್ ನೋಡಿದ. ಆಮೇಲೆ ಏನೋ ಹೊಳೆದವನಂತೆ ಒಳಗೆ ಹೋಗಿ ಒಂದು ಡಬ್ಬಿ ತಂದ. ಬಣ್ಣ ಅಳತೆ ಮಾಡಿ ಕೂಡಿಸಿದ ಪರದೆಯಂತೆ, ಈ ಮಾದರಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲವಂತೆ, ಯಾಕೆಂದರೆ ಅಂಗಡಿಯ ಬೆಳಕಿನಲ್ಲಿ ಪಕ್ಕದವುಗಳ ಮುಂದೆ ಮಂಕಾಗಿ ಕಾಣುತ್ತದಂತೆ. ಕಪ್ಪು, ಸಪ್ಪೆ ಮಷೀನು. ಗಾಜಿನ ಹೊಳಪೂ ಇಲ್ಲದ ಪರದೆ. ಅದರಲ್ಲಿ ನೋಡುವವರ ಮುಖವೂ ಮೂಡುತ್ತಿರಲಿಲ್ಲ. ಮೌನೇಶ್ವರಿ ಪೆನ್‌ಡ್ರೈವ್ ಹಾಕಿದಳು. ಪುಟ ತೆರೆಯಿತು.

ಅನುರಾಧಾಳಿಗೆ ಕಾಮಾಲೆ. ಮುತ್ತೈದೆಯರ ಕಣ್ಣುಗುಡ್ಡೆಗೂ ಕಾಮಾಲೆ. ಚಪ್ಪರದ ಬಿಳಿ ಬಟ್ಟೆಗೂ ಕಾಮಾಲೆ.

ಅವಳು ಆಲ್ಬಮ್ ಹಿಡಿದು ನೋಡಿದಳು. ನಂಬಿಕೆ ಬರಲಿಲ್ಲ. ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಬಾಗಿಲ ಹತ್ತಿರ ಹಗಲಿನ ಬೆಳಕಿಗೆ ಒಯ್ದಳು. ಬಿದ್ದೀತೆಂದು ಹನುಮಂತ್ರಾಯ ಹಿಂದೆಯೇ ಓಡಿಬಂದ. ಹಗಲಿನಲ್ಲೂ ಅಷ್ಟೇ. ಕಾಗದ ಮತ್ತು ಪರದೆ, ಅವಳಿಜವಳಿ. "ಕಿರಣ, ಬಾ ಇಲ್ಲಿ! ಎಷ್ಟು ಹೊಲಸು ಕಾಣಾಕತ್ತದ ನೋಡು!" ಎಂದು ಕೂಗಿದಳು. ಹಾಗೆ ಕೂಗುವಾಗ ಅವಳ ಮುಖ ಅರಳಿದ್ದ ರೀತಿ ನೋಡಿ ಆ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕರು.

ಅದಕ್ಕೆ ಹೆಚ್ಚು ಕೊಡಬೇಕಾಗಿತ್ತು, ಅವಳು ಉಳಿಸಿಟ್ಟ ಆ ಒಂದು ಹೆಚ್ಚುಗಾರಿಕೆಯ ಹಣವೆಲ್ಲ. ಪ್ರೊಸೆಸರು ಸಾದಾ, ರ್‍ಯಾಮು ಇದ್ದಷ್ಟೇ, ಕಾರ್ಡಿನ ಮಾತೇ ಇಲ್ಲ. ಮಷೀನಿನ ತಳ ಬಿಚ್ಚಿ ಖಾಲಿ ಜಾಗ ಇದೆಯೇ ತೋರಿಸಿರೆಂದು ಅವಳು ಹಟ ಹಿಡಿದಳು. ಬಿಚ್ಚಿದರೆ ಗ್ಯಾರಂಟಿಗೆ ತಕರಾರು ಬರುತ್ತದೆಂದು ಹನುಮಂತ್ರಾಯ ಕಂಪನಿಯ ಚಿತ್ರ ತೋರಿಸಿ ಸಮಾಧಾನ ಮಾಡಿದ. ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆಂದು ಅತ್ತೆಯ ಪರವಾಗಿ ಕೇಳಿದಳು, ಮಧ್ಯಾಹ್ನ ಕರೆಂಟು ಹೋಗಿ ಬರುವಷ್ಟು ಹೊತ್ತಿಗೆ ಸಾಕು ಎಂಬ ಉತ್ತರ ಬಂತು. ಆದರೂ ಕೊನೆಗಳಿಗೆಯಲ್ಲಿ, ಎಣಿಸಿದ ಹಣವನ್ನು ಮತ್ತೆ ಪರ್ಸಿಗೆ ಹಾಕಿಕೊಂಡಳು. ತಪ್ಪು ಮಾಡುತ್ತಿದ್ದೇನೆಯೇ? ಇಷ್ಟು ಜನ ಹೇಳಿದ್ದನ್ನೆಲ್ಲ ಬಿಟ್ಟು? ಅಮರೇಶನಿಗೆ ಫೋನು ಹಚ್ಚಿದಳು. ಅಲ್ಲಿ ಊಟದ ಬಿಡುವಿನ ಗದ್ದಲ. ಎಲ್ಲ ಕೇಳಿಕೊಂಡು ಅವನು ನಕ್ಕ.

"ಛಂದ ಕಾಣೋದು ಬಿಟ್ಟು ಕೆಟ್ಟ ಕಾಣೋದಕ್ಕ ಹೆಚ್ಚಿಗಿ ರೊಕ್ಕ ಕೊಡ್ತಿ? ತಲಿ ನೆಟ್ಟಗ ಅದ ಇಲ್ಲ?"

"ಈ ಕಾಮಾಲಿ ನನಗ ಮನ್ಯಾಗ ಕಂಡಿದ್ರ, ಅದು ಕುರ್ಡಿ ತನಕ ಹೋಗ್ತಿದ್ದಿಲ್ರಿ."

ಅಮರೇಶ, ಗಣಿತದ ಮೇಷ್ಟ್ರ ದನಿಯಲ್ಲಿ, "ಹಂಗಾದ್ರ ತಗೋ" ಅಂದ.

ವಾಪಸು ಬರುವ ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪಿನ ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು, ಕೂಸು ಕಿರಣನ ತೊಡೆಯ ಮೇಲಿತ್ತು. ಅರ್ಧ ದಾರಿಗೆ ಬಂದಾಗ ತಾನು ಕೂಸನ್ನು ಬಿಟ್ಟು ಬ್ಯಾಗು ಹಿಡಿದು ಕುಳಿತದ್ದು ಹೊಳೆದು, ನಾಚಿಕೆಯಾಗಿ, ಕೂಸನ್ನು ಇಸಿದುಕೊಂಡು ಬ್ಯಾಗನ್ನು ಅವನಿಗೆ ಕೊಟ್ಟಳು. ಕೊಟ್ಟ ಮೇಲೆ ಊರು ಬರುವತನಕ ಬ್ಯಾಗಿನ ಕಡೆಗೇ ನೋಡುತ್ತಿದ್ದಳು.

ಮನೆಯಲ್ಲಿ ಗೋಪಮ್ಮ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಹೊಸಿಲಲ್ಲೇ ಕಾದಿದ್ದಳು. ಪರದೆಗೆ ಮಾತ್ರ ಬೇಡ ಎಂದು ಮೌನೇಶ್ವರಿ ಅಡ್ಡ ನಿಂತು, ಮುಚ್ಚಳದ ಮೂಲೆಗೆ ಹಚ್ಚಿಸಿದಳು. ಹಚ್ಚುತ್ತಿದ್ದ ಅತ್ತೆಯ ಹಳದಿ ಬೆರಳು ನೋಡಿದಾಗ ಅವಳಿಗೆ ಇನ್ನೊಂದು ಯೋಚನೆ ಬಂತು. ಮರುದಿನ ಕೂಸು ಮಲಗಿದ್ದೇ ತಡ, ಅತ್ತೆಯನ್ನು ಕಿಟಕಿಯ ಹತ್ತಿರ ಕೂಡಿಸಿ, ಅರಿಷಿಣ ಕಲಸಿ ಅವಳ ಮೊಣಕೈತನಕ ಹಚ್ಚಿದಳು. ದುಡಿದು ಕಪ್ಪಾದ ಕೈ, ಅದರ ಮೇಲೆ ಹಸಿ ಅರಿಷಿಣ. ಆ ಕೈಯನ್ನು ಪರದೆಯ ಪಕ್ಕ ಚಾಚಿಸಿ, ಅನುರಾಧಾಳ ಕೆನ್ನೆಯಿಂದ ಹಳದಿಯನ್ನು ಚೂರುಚೂರೇ ಇಳಿಸತೊಡಗಿದಳು.

"ಕೈ ಅಳ್ಳಾಡಸಬ್ಯಾಡ್ರಿ ಅತ್ತಿ."

"ಈ ವಯಸ್ಸಿನ್ಯಾಗ ನನಗ ಮತ್ತ ಲಗ್ನ ಮಾಡಾಕತ್ತಿ ಏನಬೇ?" ಅಂದಳು ಗೋಪಮ್ಮ. ಒಳಕೋಣೆಯಿಂದ ವೆಂಕೋಬ, ವರ ಯಾರೆಂದು ಮೊದಲೇ ಹೇಳಿದರೆ ತಾನು ಊರು ಬಿಡುತ್ತೇನೆ ಅಂದ. ನಗುವಿಗೆ ಕೈ ಅಲುಗಿತು, ಮತ್ತೆ ಹಿಡಿಯಬೇಕಾಯಿತು. ಹಳದಿ ಇಳಿದಂತೆ ಮೊದಲು ಚಪ್ಪರದ ಬಟ್ಟೆ ಬೆಳ್ಳಗಾಯಿತು, ಆಮೇಲೆ ಮುತ್ತೈದೆಯರ ಕಣ್ಣು ತಿಳಿಯಾದವು. ಕೊನೆಗೆ ಮದುಮಗಳ ಕೆನ್ನೆಯೂ ಅತ್ತೆಯ ಮುಂಗೈಯೂ ಒಂದೇ ಬಟ್ಟಲಿನ ಅರಿಷಿಣ ಹಚ್ಚಿಕೊಂಡವುಗಳಂತೆ ಕಂಡವು. ಮೌನೇಶ್ವರಿ ಅಲ್ಲಿಗೇ ನಿಲ್ಲಿಸಿದಳು. ಫ್ಯಾನಿನ ಸದ್ದಿಲ್ಲ. ಕೂಸು ಇನ್ನೂ ಜೋಳಿಗೆಯಲ್ಲಿ ಮಲಗಿಯೇ ಇತ್ತು.

ಫೈಲು ಲ್ಯಾಬಿಗೆ ಹೋದ ಮೇಲೆ ಅವಳ ಗೋಳು ಶುರುವಾಯಿತು. ಅತ್ತೆಯ ಕೈ ಕಪ್ಪು, ಅನುರಾಧಾ ಬೆಳ್ಳಗಿದ್ದಾಳೆ, ಅಳತೆ ತಪ್ಪಿತೇ? ಕಿಟಕಿಯ ಬೆಳಕು ಹೆಚ್ಚಾಗಿತ್ತೇ? ಆಲ್ಬಮ್ ಬಂದ ದಿನ ಸತ್ತಾರ್ ಸಾಬರು ಡಬ್ಬಿಯನ್ನೇ ಬಿಚ್ಚಲಿಲ್ಲ. ಮಹಾಂತಮ್ಮನವರೇ ಬಿಚ್ಚಲಿ, ಈ ಸಲ ನೀನೂ ಬಾ, ಏನಂದರೂ ನಿನ್ನ ಕಿವಿಯಿಂದಲೇ ಕೇಳು ಅಂದರು. ಶನಿವಾರ ಸಂಜೆ ಅಮರೇಶನ ಬೈಕಿನಲ್ಲಿ ಅವಳು ಕುರ್ಡಿಗೆ ಹೋದಳು, ಸತ್ತಾರ್ ಸಾಬರು ತಮ್ಮ ಗಾಡಿಯಲ್ಲಿ ಮುಂದೆ ಹೋಗಿದ್ದರು.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಮಹಾಂತಮ್ಮ ಕನ್ನಡಕ ಹಾಕಿಕೊಂಡು ಆಲ್ಬಮನ್ನು ತೊಡೆಯ ಮೇಲಿಟ್ಟುಕೊಂಡರು. ಓಣಿಯ ಹೆಂಗಸರು ಸುತ್ತ ಕುಳಿತರು. ದೇವರ ಪುಟ, ಹಂದರದ ಪುಟ. ಆಮೇಲೆ ಅರಿಷಿಣದ ಪುಟ. ಮೌನೇಶ್ವರಿ ತನ್ನ ಕಾಲುಂಗುರವನ್ನೇ ನೋಡುತ್ತಿದ್ದಳು. ಮಹಾಂತಮ್ಮ ಪುಟವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ನಮ್ಮಣ್ಣ ಗಡಿಗೆಪ್ಪನ್ನ ಯಾಕ್ರೀ ಈ ಮೂಲಿಗಿ ಹಾಕೀರಿ?" ಅಂದರು. "ಸೋದರಮಾವ ಅಂವಾ. ಬಾಸಿಂಗ ತಂದಂವಾ. ಅಂಥಾವನ ಮಾರಿ ಕಾಸಿನಷ್ಟರ ಕಾಣಬ್ಯಾಡೇನು?"

ಸುತ್ತಲಿನ ಹೆಂಗಸರೂ ಹೌದು ಹೌದು ಅಂದರು. ಒಬ್ಬಳು ತಾನು ಆ ಪುಟದಲ್ಲೇ ಇಲ್ಲವೆಂದು ದೂರಿದಳು. ಇನ್ನೊಬ್ಬಳು ತನ್ನ ಸೀರೆ ಮಾತ್ರ ಕಾಣುತ್ತಿದೆ, ತಾನು ಕಾಣುತ್ತಿಲ್ಲ ಅಂದಳು. ಮತ್ತೊಬ್ಬಳು ಅನುರಾಧಾಳ ಮೂಗುತಿ ನೋಡಿ ಎಲ್ಲಿ ಮಾಡಿಸಿದ್ದೆಂದು ಕೇಳಿದಳು. ಬಣ್ಣದ ಮಾತನ್ನು ಯಾರೂ ಎತ್ತಲಿಲ್ಲ. ಅರಿಷಿಣ ಅರಿಷಿಣವಾಗಿತ್ತು, ಅದರಲ್ಲಿ ಹೇಳುವಂಥದ್ದೇನಿದೆ?

ಮೌನೇಶ್ವರಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು, ಗಡಿಗೆಪ್ಪ ಮಾವನವರದ್ದು ಬೇರೆ ದೊಡ್ಡ ಫೋಟೋ ಕಟ್ಟು ಹಾಕಿಸಿ ಕಳಿಸುತ್ತೇನೆ ಎಂದು ಮಾತು ಕೊಟ್ಟಳು. ಮಹಾಂತಮ್ಮ ಆಲ್ಬಮನ್ನು ಮುಚ್ಚಿ, ಎದ್ದು, ಟಿ.ವಿ. ಕೆಳಗಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಮರೇಶ ಅದನ್ನು ನೋಡಿ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

ಹೊರಗೆ ಬೈಕಿನ ಹತ್ತಿರ ಸತ್ತಾರ್ ಸಾಬರು ಕಿಸೆಗೆ ಕೈ ಹಾಕಿದರು. ತೆಗೆದದ್ದು ಒಂದಲ್ಲ, ಒಂದು ಹಿಡಿ ಪೆನ್‌ಡ್ರೈವುಗಳು. ದೇವದುರ್ಗದ ಸಾಮೂಹಿಕ ವಿವಾಹ, ಅಷ್ಟೂ ಜೋಡಿಗೆ ಒಂದೊಂದು ಸಣ್ಣ ಆಲ್ಬಮ್ ಎಂದು ಹೇಳಿ, ಹೈದರಾಬಾದಿನ ಮಾತನ್ನು ತಾವು ಯಾವತ್ತೂ ಆಡಿಯೇ ಇಲ್ಲವೆಂಬಂತೆ ಅವಳ ಅಂಗೈಯಲ್ಲಿ ಸುರಿದರು. ಇಷ್ಟು ಫೋಟೋ ಒಮ್ಮೆಗೇ ತೆರೆದರೆ ಮಷೀನು ತಡೆದೀತೇ, ನಿಂತುಬಿಟ್ಟರೆ ಏನು ಗತಿ, ಕೂಸಿಗೆ ಹಲ್ಲು ಬರುವ ಹೊತ್ತು ಬೇರೆ ಎಂದು ಅವಳಿಗೆ ಅಲ್ಲೇ ಹೊಸ ಚಿಂತೆ ಹುಟ್ಟಿತು. ಬೈಕು ಹತ್ತಿ ಊರ ದಾರಿ ಹಿಡಿದ ಮೇಲೆ ಗಂಡನ ಹೆಗಲ ಮೇಲೆ ಗದ್ದವಿಟ್ಟು, ಗಾಳಿಯಲ್ಲಿ ಕೂಗಿ ಹೇಳಿದಳು.

"ನಾಳಿಗಿ ರಾಯಚೂರಿಗಿ ಹೋಗಿ ಬರೋಣ್ರಿ. ಆ ಖಾಲಿ ಜಾಗಾಕ ರ್‍ಯಾಮ್ ಹಾಕಸ್ಬೇಕು."